ಗುಮೆರ್ಸಿಂದಾಳ ಲಂಗ ಮತ್ತು ಏಳನೇ ನಿಯಮ

ನನ್ನ ಅತ್ತಿಗೆ ಗುಮೆರ್ಸಿಂದಾ ಲಿಮಾಚಿ ಸ್ಕೀ ಕಲಿತದ್ದು ಸೂಪಿನ ದೆಸೆಯಿಂದ. ಯಾರಾದರೂ ಪತ್ರಿಕೆಯವರು ಬಂದು ಕೇಳಿದರೆ ಅವಳು "ಬೆಟ್ಟ ನನ್ನನ್ನ ಕರೀತು" ಅಂತೇನೋ ದೊಡ್ಡ ಮಾತು ಹೇಳುತ್ತಾಳೆ. ನಂಬಬೇಡಿ. ಬೆಟ್ಟ ಯಾರನ್ನೂ ಕರೆಯುವುದಿಲ್ಲ, ಅದಕ್ಕೆ ಅಷ್ಟು ಪುರುಸೊತ್ತಿಲ್ಲ. ಕರೆದದ್ದು ಅವಳ ಗಂಡ, ಅಂದರೆ ನನ್ನ ಅಣ್ಣ ಸೆವೆರೊ, ಮೇಲಿನ ಎಂಜಿನ್ ಗುಡಿಸಿಲಿನಿಂದ, ಹೊಟ್ಟೆ ಹಸಿದು.

ಹಂಕೊಪಾಟದ ಹಿಮನದಿ ಆಗ ಇನ್ನೂ ಹಿಮನದಿ ಅನ್ನಿಸಿಕೊಳ್ಳುವ ಹಾಗಿತ್ತು. ಲಾ ಪಾಸ್ ನಗರದ ದೊಡ್ಡ ಮನುಷ್ಯರ ಕ್ಲಬ್ಬೊಂದು ಅದರ ಬುಡದಲ್ಲಿ ಕಲ್ಲಿನ ಮನೆ ಕಟ್ಟಿ, ನೆತ್ತಿಯಲ್ಲಿ ಒಂದು ಹಳೆಯ ಲಾರಿಯ ಎಂಜಿನ್ ಕೂರಿಸಿ, ಅದಕ್ಕೆ ಉಕ್ಕಿನ ಹಗ್ಗ ಸುತ್ತಿ, ತನ್ನವರನ್ನು ಮೇಲಕ್ಕೆ ಎಳೆಸಿಕೊಳ್ಳುತ್ತಿತ್ತು. ಎಂಜಿನ್ ನೋಡಿಕೊಳ್ಳುವವನು ಸೆವೆರೊ. ಕೆಳಗಿನ ಅಡಿಗೆಮನೆಯಲ್ಲಿ ಅತ್ತಿಗೆ ಮತ್ತು ನಾನು, ಎಮೆತೇರಿಯಾ. ಸ್ಕೀ ಆಡುವ ಕಾಲ ನಮ್ಮಲ್ಲಿ ಬೇಸಿಗೆ, ಡಿಸೆಂಬರಿನಿಂದ ಮಾರ್ಚಿನವರೆಗೆ. ಹೊಸ ಹಿಮ ಬೀಳುವುದು ಆಗಲೇ. ಚಳಿಗಾಲದಲ್ಲಿ ಅದೆಲ್ಲ ಕಲ್ಲಿನಂತಾಗಿ, ಬಿದ್ದವರು ಎದ್ದ ಮೇಲೆ ಹಲ್ಲು ಎಣಿಸಿಕೊಳ್ಳಬೇಕಾಗುತ್ತಿತ್ತು.

ದಿನಾ ಮಧ್ಯಾಹ್ನ ಅತ್ತಿಗೆ ಕಿನೋವಾ ಸೂಪಿನ ಪಾತ್ರೆಯನ್ನು ಅವಾಯೊದಲ್ಲಿ ಬೆನ್ನಿಗೆ ಬಿಗಿದುಕೊಂಡು ಮೇಲೆ ಹತ್ತುತ್ತಿದ್ದಳು. ಅವಾಯೊ ಅಂದರೆ ನಮ್ಮ ಹೆಂಗಸರು ಕೂಸನ್ನೂ ಸೌದೆಯನ್ನೂ ಒಂದೇ ಮರ್ಯಾದೆಯಿಂದ ಹೊರುವ ಬಣ್ಣದ ಬಟ್ಟೆ. ಹಗ್ಗಕ್ಕೆ ಜೋತುಬೀಳಲು ಕೆಲಸದವರಿಗೆ ಅಪ್ಪಣೆ ಇರಲಿಲ್ಲ. ಹೋಗಲು ಒಂದು ಗಂಟೆ, ಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಆಲೂಗಡ್ಡೆ ಸುಲಿಯುತ್ತ ಕೂತವಳು ನಾನು. ಒಂದು ದಿನ ರೇಗಿಹೋಯಿತು.

"ಆ ಜರ್ಮನಿಯವನು ಬಿಟ್ಟುಹೋದ ಸ್ಕೀ ಕೊಟ್ಟಿಗೇಲಿ ಬಿದ್ದಿವೆಯಲ್ಲ, ಅವನ್ನ ಕಾಲಿಗೆ ಕಟ್ಕೊಂಡು ಜಾರ್ಕೊಂಡು ಬಾರೇ ತಾಯಿ. ಸತ್ರೂ ಪರವಾಗಿಲ್ಲ, ಬೇಗ ಬಾ" ಎಂದೆ.

ನಾನು ಹೇಳಿದ್ದು ಕೋಪದಲ್ಲಿ. ಅವಳು ಹೋಗಿ ನಿಜವಾಗಿಯೂ ಕಟ್ಟಿಕೊಂಡಳು. ಮೊದಲ ವಾರ ಪಾತ್ರೆ ಒಂದು ಕಡೆ, ಅತ್ತಿಗೆ ಒಂದು ಕಡೆ, ಟೋಪಿ ಇನ್ನೊಂದು ಕಡೆ ಕೆಳಗೆ ಬರುತ್ತಿದ್ದವು, ಬಹುಪಾಲು ಟೋಪಿಯೇ ಮೊದಲು. ಎರಡನೇ ತಿಂಗಳಲ್ಲಿ ಮೂರೂ ಒಟ್ಟಿಗೆ ಬರತೊಡಗಿದವು. ಮೂರನೇ ತಿಂಗಳಲ್ಲಿ ನಾಲ್ಕು ನಿಮಿಷಕ್ಕೆ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಆ ಗುಂಡು ಟೋಪಿ ಗಾಳಿಗೆ ಹಾರದಂತೆ ಗಲ್ಲದ ಕೆಳಗೆ ಚಡ್ಡಿಯ ಎಲಾಸ್ಟಿಕ್ ಹೊಲಿದುಕೊಂಡಿದ್ದಳು. ಟೋಪಿಯನ್ನು ಬರೀ ತಲೆಯ ಗತ್ತಿನ ಮೇಲೆ ನಿಲ್ಲಿಸುವ ಜನ ನಾವು. ಎಲಾಸ್ಟಿಕ್ ನೋಡಿ ನಮ್ಮಮ್ಮ ಎರಡು ದಿನ ಸೊಸೆಯ ಜೊತೆ ಮಾತಾಡಲಿಲ್ಲ.

ಉಡುಪು ಬದಲಾಯಿಸುವ ಯೋಚನೆ ಮಾತ್ರ ಅವಳಿಗೆ ಬರಲೇ ಇಲ್ಲ. ಪೊಲ್ಯೆರಾ, ಅಂದರೆ ಎಂಟು ಮೊಳದ ನೆರಿಗೆ ಲಂಗ, ಅದರೊಳಗೆ ನಾಲ್ಕು ಒಳಲಂಗ. ಇದರಲ್ಲಿ ಸ್ಕೀ ಆಡಲು ಬರುವುದಿಲ್ಲ ಎಂದು ಕ್ಲಬ್ಬಿನವರು ಪ್ರಮಾಣ ಮಾಡಿ ಹೇಳುತ್ತಿದ್ದರು, ಕಣ್ಣೆದುರೇ ಅವಳು ಆಡುತ್ತಿದ್ದಾಗಲೂ. ಅವಳು ಅದರಿಂದ ಒಂದು ವಿದ್ಯೆಯನ್ನೇ ಕಂಡುಹಿಡಿದಿದ್ದಳು. ಜೋರಾಗಿ ಹೋಗಬೇಕೆಂದರೆ ಲಂಗದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸುವುದು. ನಿಲ್ಲಬೇಕೆಂದರೆ ನೆಟ್ಟಗೆ ಎದ್ದು ಅಂಚು ಬಿಟ್ಟುಬಿಡುವುದು. ಗಾಳಿ ತುಂಬಿಕೊಂಡು ಲಂಗ ಕೊಡೆಯ ಹಾಗೆ ಅರಳಿ, ಅವಳನ್ನು ಹಿಂದಿನಿಂದ ಹಿಡಿದು ನಿಲ್ಲಿಸುತ್ತಿತ್ತು.

ಕಾರ್ನಿವಲ್ ಹಬ್ಬ ಮುಗಿದ ಭಾನುವಾರ ಪ್ರತಿ ವರ್ಷ ಕ್ಲಬ್ಬಿನ ಪಂದ್ಯ. ಅದರ ಹನ್ನೆರಡು ನಿಯಮಗಳನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿ ಊಟದ ಕೋಣೆಯಲ್ಲಿ ನೇತುಹಾಕಿದ್ದರು. ಗುಮೆರ್ಸಿಂದಾ ಓದಲು ಕಲಿತದ್ದೇ ಅದರಿಂದ. ಅದು ಅಡಿಗೆಮನೆಯ ಬಾಗಿಲಾಚೆ, ಅವಳು ಆಲೂಗಡ್ಡೆ ಸುಲಿಯುವ ಮಣೆಗೆ ಸರಿಯಾಗಿ ಎದುರಿಗಿತ್ತು. ಬೇರೆಯವರು ಜಪಮಾಲೆ ಎಣಿಸುವ ಹಾಗೆ ಅವಳು ಆ ನಿಯಮಗಳನ್ನು ಗುನುಗುತ್ತ ಸುಲಿಯುತ್ತಿದ್ದಳು. ಪ್ರತಿ ಸಲವೂ ಏಳನೆಯದರಲ್ಲಿ ಬಂದು ಚಾಕು ನಿಲ್ಲುತ್ತಿತ್ತು: ಸ್ಪರ್ಧಿಗಳು ಪ್ಯಾಂಟು ಧರಿಸತಕ್ಕದ್ದು.

ಕ್ಲಬ್ಬಿನ ಅಧ್ಯಕ್ಷ ಇಂಜಿನಿಯರ್ ಓಸ್ವಾಲ್ಡೊ ವಿಲ್ಯೆಗಾಸ್. ಎತ್ತರದ ಆಸಾಮಿ, ಮೀಸೆಗೆ ಮೇಣ ಹಚ್ಚುತ್ತಿದ್ದ. ಪದ್ಧತಿ ಏನೆಂದರೆ ಇಂಜಿನಿಯರ್ ಮೊದಲು ಇಳಿಯುವುದು, ಇಳಿದು ಕೆಳಗಿನ ಬಾವುಟದ ಹತ್ತಿರ ವಾಚು ಹಿಡಿದು ನಿಲ್ಲುವುದು, ಉಳಿದವರ ಸಮಯ ಬರೆದುಕೊಳ್ಳುವುದು. ತನ್ನ ಸಮಯವನ್ನು ತಾನೇ ನೋಡಿಕೊಳ್ಳುತ್ತಿದ್ದ. ಹನ್ನೊಂದು ವರ್ಷ ಅವನೇ ಗೆದ್ದಿದ್ದ.

ಪ್ರತಿ ವರ್ಷ ಕಾರ್ನಿವಲ್ ಹತ್ತಿರ ಬಂದಾಗ ಅತ್ತಿಗೆ ಕೈ ಒರೆಸಿಕೊಂಡು ಅವನ ಮೇಜಿನ ಮುಂದೆ ಹೋಗಿ ನಿಲ್ಲುತ್ತಿದ್ದಳು.

"ಇಂಜಿನಿಯರ್ರೇ, ಈ ಸಲ ನನ್ನ ಹೆಸರೂ ಬರ್ಕೊಳ್ಳಿ."

"ಪ್ಯಾಂಟ್ ಹಾಕ್ಕೊಂಡು ಬಾ ಗುಮೆ, ಈಗಲೇ ಬರ್ಕೋತೀನಿ."

"ನೀವು ಲಂಗ ಉಟ್ಕೊಂಡು ನಾಳೆ ಅಡಿಗೆ ಮಾಡಿ, ನಾಡಿದ್ದು ನಾನು ಪ್ಯಾಂಟ್ ಹಾಕ್ತೀನಿ."

ಇಡೀ ಕೋಣೆ ನಗುತ್ತಿತ್ತು. ಅವಳೂ ನಗುತ್ತಿದ್ದಳು. ಆಮೇಲೆ ಅಡಿಗೆಮನೆಗೆ ಬಂದು ಪಾತ್ರೆಗಳನ್ನು ಎತ್ತಿ ಕುಕ್ಕುತ್ತಿದ್ದಳು. ಇಪ್ಪತ್ತನಾಲ್ಕು ವರ್ಷ ಹೀಗೆ ನಡೆಯಿತು. ನಾನೇ ಒಮ್ಮೆ ಹೇಳಿದ್ದುಂಟು, "ಒಂದು ದಿನದ ಮಟ್ಟಿಗೆ ಆ ಹಾಳು ಪ್ಯಾಂಟ್ ಹಾಕ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?" ಅವಳು ಚಾಕು ಕೆಳಗಿಟ್ಟಳು. "ಎಮೆ, ಸೂಪು ಹೊತ್ಕೊಂಡು ಸಾವಿರ ಸಲ ಇಳಿದೋಳು ಲಂಗದೋಳು ತಾನೆ? ಪಂದ್ಯದಲ್ಲಿ ಬೇರೆ ಯಾವಳೋ ಇಳಿದ್ರೆ ನನಗೇನು ಬಂತು?" ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಈ ಮಧ್ಯೆ ಹಿಮನದಿ ತನ್ನ ಪಾಡಿಗೆ ತಾನು ಗಂಟು ಮೂಟೆ ಕಟ್ಟುತ್ತಿತ್ತು. ಮೊದಲು ಅಡಿಗೆಮನೆಯ ಬಾಗಿಲಿನಿಂದ ಹಿಂದೆ ಸರಿಯಿತು. ಆಮೇಲೆ ಹಗ್ಗದ ಅರ್ಧ ದಾರಿಯಿಂದ. ಕೊನೆಗೆ ಹಗ್ಗ ಪೂರ್ತಿ ಬರೀ ಕಲ್ಲಿನ ಮೇಲೆ ಓಡತೊಡಗಿತು. ಸೆವೆರೊ ಮಾತ್ರ ದಿನಾ ಬೆಳಿಗ್ಗೆ ಎಂಜಿನ್ ಶುರುಮಾಡಿ, "ತುಕ್ಕು ಹಿಡೀಬಾರ್ದು" ಎಂದು ಹೇಳಿ, ಹಗ್ಗದ ಖಾಲಿ ಕೊಕ್ಕೆಗಳನ್ನು ಕಲ್ಲಿನ ಮೇಲೆ ಗಂಭೀರವಾಗಿ ಮೇಲೆ ಕೆಳಗೆ ಮೆರವಣಿಗೆ ಮಾಡಿಸುತ್ತಿದ್ದ. ಸ್ಕೀ ಆಡಬೇಕೆನ್ನುವವರು ಸ್ಕೀಗಳನ್ನು ಹೆಗಲ ಮೇಲೆ ಹೊತ್ತು, ಏದುಸಿರು ಬಿಡುತ್ತ, ಜಲ್ಲಿಯ ಮೇಲೆ ಒಂದು ಗಂಟೆ ನಡೆದು, ನೆತ್ತಿಯ ಹತ್ತಿರ ಉಳಿದಿದ್ದ ಒಂದು ತುಂಡನ್ನು ಮುಟ್ಟಬೇಕಾಗಿತ್ತು. ದೊಡ್ಡ ಮನುಷ್ಯರು ಮೊದಲ ಸಲ ನಮ್ಮ ಹಾಗೆ ಬೆನ್ನ ಮೇಲೆ ಹೊರೆ ಹೊತ್ತು ಹತ್ತುವುದನ್ನು ಅತ್ತಿಗೆ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದಳು. ಜನ ಕಮ್ಮಿಯಾದರು. ಹುಡುಗರು ಚಿಲಿ ದೇಶದ ಬೆಟ್ಟಗಳಿಗೆ ಹೋದರು, ಮುದುಕರು ಮೊಣಕಾಲಿನ ಡಾಕ್ಟರ ಹತ್ತಿರ ಹೋದರು.

ಅತ್ತಿಗೆಗೆ ಐವತ್ತೊಂದಾದ ವರ್ಷ ಉಳಿದ ತುಂಡು ಒಂದೂವರೆ ಫುಟ್‌ಬಾಲ್ ಮೈದಾನದಷ್ಟಿತ್ತು. ಪಂದ್ಯಕ್ಕೆ ಹೆಸರು ಕೊಟ್ಟವರು ನಾಲ್ಕೇ ಜನ: ಇಂಜಿನಿಯರ್, ಅವನ ಗೆಳೆಯ ಒಬ್ಬ ಹಲ್ಲಿನ ಡಾಕ್ಟರ್, ಇಬ್ಬರು ಅಣ್ಣತಮ್ಮಂದಿರು. ಇಂಜಿನಿಯರ್ ಊಟದ ಕೋಣೆಯಲ್ಲಿ ಕೂತು ಮೀಸೆ ತಿರುವುತ್ತಿದ್ದ. ಅತ್ತಿಗೆ ಕೋಕಾ ಎಲೆಯ ಚಹಾ ತಂದಿಟ್ಟು, ಚೌಕಟ್ಟಿನ ಕಡೆ ನೋಡದೆಯೇ ಹೇಳಿದಳು:

"ಒಂಬತ್ತನೇ ನಿಯಮ. ಐದು ಜನಕ್ಕಿಂತ ಕಮ್ಮಿ ಇದ್ರೆ ಪಂದ್ಯ ನಡೆಸತಕ್ಕದ್ದಲ್ಲ."

"ಗೊತ್ತು ನನಗೆ."

"ಐದನೇಯೋಳು ಚಹಾ ತಂದಿದಾಳೆ."

ಇಂಜಿನಿಯರ್ ಬಹಳ ಹೊತ್ತು ಚಹಾದಲ್ಲಿ ಚಮಚ ಆಡಿಸಿದ. ಮುಂದಿನ ವರ್ಷಕ್ಕೆ ಈ ತುಂಡು ಇರುವುದೇ ಅನುಮಾನ ಎಂದು ಹಿಮನದಿಯ ಅಳತೆಗೆ ಬಂದವರು ಹೇಳಿ ಹೋಗಿದ್ದರು. ಈಗ ಬಿಟ್ಟರೆ ಅವನಿಗೂ ಇಲ್ಲ, ಅವಳಿಗೂ ಇಲ್ಲ. ಕೊನೆಗೆ ಎದ್ದು, ಚೌಕಟ್ಟು ಇಳಿಸಿ, ಗಾಜು ಬಿಚ್ಚಿ, ಏಳನೇ ನಿಯಮದ ಪಕ್ಕ ಪೆನ್ನಿನಲ್ಲಿ ಬರೆದ: ಈ ವರ್ಷಕ್ಕೆ ಮಾತ್ರ ಲಂಗವೂ ಆಗಬಹುದು. ಅತ್ತಿಗೆ ಅಡಿಗೆಮನೆಗೆ ಬಂದವಳು ಬಾಗಿಲು ಹಾಕಿಕೊಂಡು, ಮುಖಕ್ಕೆ ಏಪ್ರನ್ ಮುಚ್ಚಿಕೊಂಡು ಅತ್ತಳು. ನಾನು ಸುಮ್ಮನೆ ಆಲೂಗಡ್ಡೆ ಸುಲಿದೆ. ನನಗೂ ಅಳು ಬಂದಿತ್ತು, ಆದರೆ ತಪ್ಪನ್ನು ಈರುಳ್ಳಿಯ ಮೇಲೆ ಹಾಕಲು ಅವತ್ತು ಈರುಳ್ಳಿ ಇರಲಿಲ್ಲ.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಮಧ್ಯೆ ಕಾರ್ನಿವಲ್ಲಿನ ಮಂಗಳವಾರ ಬಂತು. ಅವತ್ತು ನಮ್ಮವರು ತಮಗೆ ಬೇಕಾದದ್ದಕ್ಕೆಲ್ಲ ಚಾಲ್ಯಾ ಮಾಡುತ್ತಾರೆ. ಮನೆಗೆ, ಒಲೆಗೆ, ಬಸ್ಸಿಗೆ, ಹೊಲಿಗೆ ಯಂತ್ರಕ್ಕೆ ಬಿಯರ್ ಚಿಮುಕಿಸಿ, ಹೂವಿನ ಎಸಳು ಮತ್ತು ಬಣ್ಣದ ಕಾಗದದ ಚೂರು ಎರಚಿ, ಭೂಮಿತಾಯಿ ಪಾಚಮಾಮಾಗೆ ಒಂದು ಗುಟುಕು, ತಮಗೆ ಎರಡು ಗುಟುಕು. ನಾವು ಪ್ರತಿ ವರ್ಷ ಒಲೆಗೆ ಮಾಡುತ್ತಿದ್ದೆವು, ಸೆವೆರೊ ಎಂಜಿನ್ನಿಗೆ ಮಾಡುತ್ತಿದ್ದ. ಹಿಮದ ಮೇಲೆ ಮಾಡಿದವರಿಲ್ಲ.

"ಈ ಸಲ ಹಿಮಕ್ಕೆ ಮಾಡೋಣ ಎಮೆ" ಎಂದಳು ಅತ್ತಿಗೆ. "ಇಷ್ಟು ವರ್ಷ ನನ್ನ ಹೊತ್ಕೊಂಡಿದೆ. ಒಂದು ಚೂರು ಕಾಗದಾನೂ ಹಾಕಿಲ್ಲ ನಾವು. ಅದಕ್ಕೇ ಬೇಜಾರಾಗಿ ಹೋಗ್ತಿರಬೇಕು."

ಎಲ್ ಆಲ್ಟೊ ಸಂತೆಯಿಂದ ಕಾಗದದ ಚೂರು ತಂದವಳು ನಾನೇ. ಎರಡು ಮೂಟೆ. ಕಡುನೇರಳೆ ಬಣ್ಣದ್ದು ಸೋವಿಯಾಗಿ ಸಿಕ್ಕಿತೆಂದು ಅದನ್ನೇ ತುಂಬಿಸಿಕೊಂಡು ಬಂದೆ. ಇಬ್ಬರೂ ಮೇಲೆ ಹತ್ತಿ, ಬಿಯರ್ ಚಿಮುಕಿಸಿ, ಕುಡಿದು, ಮತ್ತೆ ಚಿಮುಕಿಸಿ, ಹಾಡಿ, ಆ ಎರಡು ಮೂಟೆಯನ್ನೂ ಹಿಡಿ ಹಿಡಿಯಾಗಿ ಎರಚಿದೆವು. ಎಲ್ಲೆಂದರಲ್ಲಿ ಅಲ್ಲ. ಅದೃಷ್ಟ ಪೋಲಾಗಬಾರದೆಂದು, ಪಂದ್ಯದ ದಾರಿ ಎಲ್ಲಿಂದ ಎಲ್ಲಿಗೆ ಇರುತ್ತದೋ ಅಷ್ಟುದ್ದ, ಅಷ್ಟಗಲ, ಅಚ್ಚುಕಟ್ಟಾಗಿ. ಬೆಳ್ಳನೆಯ ಹಿಮದ ಮೇಲೆ ನೇರಳೆ ಕಂಬಳಿ ಹಾಸಿದ ಹಾಗೆ ಕಾಣುತ್ತಿತ್ತು. ನಮ್ಮ ಭಕ್ತಿಯನ್ನು ನಾವೇ ಮೆಚ್ಚಿಕೊಂಡು, ಒಬ್ಬರಿಗೊಬ್ಬರು ಆತುಕೊಂಡು ಇಳಿದು ಬಂದೆವು.

ಆಮೇಲೆ ನಾಲ್ಕು ದಿನ ಒಂದು ಹರಳು ಹಿಮ ಬೀಳಲಿಲ್ಲ. ನೆತ್ತಿ ಸುಡುವ ಬಿಸಿಲು. ಶನಿವಾರ ಬೆಳಿಗ್ಗೆ ಬಾವುಟ ನೆಡಲು ಮೂವರೂ ಹತ್ತಿ ಹೋದೆವು. ಒಂದೊಂದು ಕಾಗದದ ಚೂರೂ ಬಿಸಿಲನ್ನು ಕುಡಿದು, ಕಾದು, ತನ್ನ ಕೆಳಗಿನ ಐಸನ್ನು ಕರಗಿಸಿಕೊಂಡು ಒಳಗೆ ಇಳಿದಿತ್ತು. ಬೆರಳುದ್ದದ ತೂತುಗಳು, ಕೆಲವು ಕಡೆ ಮುಷ್ಟಿ ಹಿಡಿಸುವಷ್ಟು. ಪಂದ್ಯದ ದಾರಿ ಮೇಲಿನಿಂದ ಕೆಳಗಿನವರೆಗೆ ಜಾಲರಿ. ಆಚೆ ಈಚೆ ಉಳಿದದ್ದು ಬರೀ ಬಂಡೆಯ ಮೂತಿಗಳು.

ಸೆವೆರೊ ಬಗ್ಗಿ ಒಂದು ತೂತಿನಲ್ಲಿ ಬೆರಳು ಹಾಕಿ, ತಳದಿಂದ ಒಂದು ನೇರಳೆ ಚೂರು ತೆಗೆದು ಹಿಡಿದ.

"ಅಲ್ಲ ಕಣ್ರೇ, ಚಾಲ್ಯಾ ಮಾಡಿದ್ರೋ, ಸಿಡುಬು ತರಿಸಿದ್ರೋ?"

ಅತ್ತಿಗೆ ಐಸಿನ ಮೇಲೆಯೇ ಕೂತುಬಿಟ್ಟಳು. ಇಪ್ಪತ್ತನಾಲ್ಕು ವರ್ಷ ಕಾದು ಸಿಕ್ಕಿದ್ದನ್ನು ಒಂದು ದಿನದ ಭಕ್ತಿಯಲ್ಲಿ ಕೈಯಾರೆ ಹಾಳುಮಾಡಿಕೊಂಡಿದ್ದಳು. ಆ ಮುಖ ನೋಡಲಾಗದೆ ನಾನು ಅಂದೆ, "ಬಣ್ಣ ಆರಿಸಿದ್ದು ನಾನು. ಬಯ್ಯೋದಾದ್ರೆ ನನ್ನ ಬಯ್ಯೇ."

"ಆಮೇಲೆ ಬಯ್ತೀನಿ. ಒಳ್ಳೊಳ್ಳೆ ಬೈಗುಳ ಇಟ್ಕೊಂಡಿದೀನಿ" ಎಂದು ಎದ್ದಳು. "ಈಗ ಅವಾಯೊ ಬಿಚ್ಚು."

ಹಿಂಬದಿಯ ಕಮರಿಯಲ್ಲಿ, ಬಂಡೆಯ ನೆರಳಿನಲ್ಲಿ, ಹಳೆಯ ಹಿಮ ಸ್ವಲ್ಪ ಉಳಿದಿತ್ತು. ಅದನ್ನು ಗುದ್ದಲಿಯಿಂದ ಕೆರೆದು, ಅವಾಯೊದಲ್ಲಿ ಕಟ್ಟಿ, ಬೆನ್ನ ಮೇಲೆ ಹೊತ್ತು ತಂದು, ತೂತುಗಳಿಗೆ ತುಂಬಿ ತುಳಿದೆವು. ನನ್ನ ಬೆನ್ನು ಪೂರ್ತಿ ಒದ್ದೆ. ಸೆವೆರೊ ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಎಂಜಿನ್ ಅಲ್ಲದ ಒಂದು ವಸ್ತುವಿಗೆ ಬೆವರು ಸುರಿಸಿದ. ಹೊತ್ತು ಮುಳುಗುವ ಹೊತ್ತಿಗೆ ಮೇಲಿನಿಂದ ಕೆಳಗಿನವರೆಗೆ ಒಂದು ಪಟ್ಟಿ ಸಿದ್ಧವಾಗಿತ್ತು. ಒಂದು ಮೊಳ ಅಗಲ. ಒಬ್ಬರು ಒಂದು ಸಲ ಇಳಿದರೆ ಮುಗಿಯಿತು, ಮತ್ತೆ ಕುಸಿದು ತೂತು ಕಾಣುತ್ತದೆ. ಅದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ನಾಲ್ವರೂ ಸ್ಕೀ ಹೊತ್ತು ಮೇಲೆ ಬಂದರು. ಸೆವೆರೊ ಕೆಳಗಿನ ಬಾವುಟದ ಆಚೆ, ಬಂಡೆಯ ಅಂಚಿನಲ್ಲಿ ಸೂಪಿನ ಪಾತ್ರೆ ಇಟ್ಟುಕೊಂಡು ನಿಂತಿದ್ದ. ನಾನು ಮೇಲೆ ಅತ್ತಿಗೆಯ ಜೊತೆಗಿದ್ದೆ. ಇಂಜಿನಿಯರ್ ಕಪ್ಪು ಕನ್ನಡಕ ತೆಗೆದು ಕೆಳಗೆ ನೋಡಿದ.

"ಏನಿದು? ಯಾರು ಮಾಡಿದ್ದು?"

"ನಾನು" ಎಂದಳು ಅತ್ತಿಗೆ. "ಚಾಲ್ಯಾ ಮಾಡಿದೆ. ತೂತು ಬೀಳುತ್ತೆ ಅಂತ ಗೊತ್ತಿರಲಿಲ್ಲ."

"ಚಾಲ್ಯಾ! ಹಿಮದ ಮೇಲೆ ಕಾಗದದ ಚೂರು! ತಲೇಲಿ ಏನಿದೆ ನಿನಗೆ, ಒಣಗಿಸಿದ ಚುನ್ಯೊ ಆಲೂಗಡ್ಡೇನಾ?" ಇಂಜಿನಿಯರ್ ಮೀಸೆ ಅದುರುತ್ತಿತ್ತು. "ಕಾಲು ಮುರ್ಕೊಳ್ಳಕ್ಕೆ ಬಂದಿಲ್ಲ ನಾವು. ಪಂದ್ಯ ರದ್ದು."

ಹಲ್ಲಿನ ಡಾಕ್ಟರ್ ಆಗಲೇ ಸಮಾಧಾನದಿಂದ ಸ್ಕೀ ಬಿಚ್ಚತೊಡಗಿದ್ದ. ಅತ್ತಿಗೆ ಇಂಜಿನಿಯರ್ ಕಡೆ ತಿರುಗಿ, ಶಾಲೆಯ ಮಕ್ಕಳು ಪಾಠ ಒಪ್ಪಿಸುವ ಸ್ವರದಲ್ಲಿ ಕೇಳಿದಳು:

"ಹನ್ನೊಂದನೇ ನಿಯಮ ಏನು ಇಂಜಿನಿಯರ್ರೇ?"

"ಹನ್ನೊಂದೋ? ಅದೇ… ಬಹುಮಾನದ್ದು?"

"ಅದು ಹನ್ನೆರಡು." ಹಾಗೆನ್ನುತ್ತ ಅವಳು ಲಂಗದ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ನಾಲ್ಕು ಒಳಲಂಗ, ಅದರ ಕೆಳಗೆ ಉಣ್ಣೆಯ ಕಾಲುಚೀಲ, ಒಂದರಲ್ಲಿ ತೂತು. ಹಲ್ಲಿನ ಡಾಕ್ಟರ್ ಮರ್ಯಾದೆಯಿಂದ ಮುಖ ತಿರುಗಿಸಿದ. ಇಂಜಿನಿಯರ್ ತಿರುಗಿಸಲಿಲ್ಲ. "ಮೊದಲನೇ ಸ್ಪರ್ಧಿ ಗೆರೆ ದಾಟಿ ಹೊರಟ ಮೇಲೆ ಪಂದ್ಯ ನಡೆದಂತೆಯೇ ಸರಿ. ಯಾರೂ ರದ್ದು ಮಾಡತಕ್ಕದ್ದಲ್ಲ."

ಎಂದವಳೇ ಗೆರೆ ದಾಟಿದಳು.

ನಾನು ಅವಳು ಇಳಿಯುವುದನ್ನು ಮೂವತ್ತು ವರ್ಷ ನೋಡಿದ್ದೇನೆ. ಆವತ್ತು ಇಳಿದ ಹಾಗೆ ಎಂದೂ ಇಳಿದಿರಲಿಲ್ಲ. ಬಗ್ಗಿ, ಕೈಗಳನ್ನು ಎದೆಗೆ ಒತ್ತಿಕೊಂಡು, ಆ ಮೊಳದಗಲದ ಪಟ್ಟಿಯ ಮೇಲೆ ನೂಲು ಹಿಡಿದಂತೆ ನೇರ ಹೋದಳು. ನಾವು ಹೊತ್ತು ತಂದ ಹಿಮ ಅವಳ ಹಿಂದೆ ಹಿಂದೆಯೇ ಕುಸಿಯುತ್ತ, ನೇರಳೆ ತೂತುಗಳು ಮತ್ತೆ ಬಾಯಿ ತೆರೆಯುತ್ತ ಬಂದವು. ಎರಡು ಜಡೆಗಳು ಹಿಂದೆ ನೆಟ್ಟಗೆ ನಿಂತಿದ್ದವು. "ಹೋಗೇ! ಹೋಗೇ ಹುಚ್ಚಿ!" ಎಂದು ನಾನು ಕಿರುಚಿದೆ. ಆಮೇಲೆ ತಿಳಿಯಿತು, ನನ್ನ ಪಕ್ಕದಲ್ಲಿ ಇಂಜಿನಿಯರ್ ಕೂಡ ಕಿರುಚುತ್ತಿದ್ದ, ಅದೇ ಮಾತನ್ನು.

ಬಾವುಟ ದಾಟಿ ಐದು ಮಾರು ಆದ ಮೇಲೆ ಐಸೇ ಇಲ್ಲ, ಬರೀ ಬಂಡೆ. ಬಾವುಟ ದಾಟಿದ ಕೂಡಲೆ ಅವಳು ನೆಟ್ಟಗೆ ಎದ್ದು ಸೊಂಟದಿಂದ ಅಂಚು ಕಿತ್ತಳು. ಎಂಟು ಮೊಳ ಬಟ್ಟೆ ಒಂದೇ ಉಸಿರಿಗೆ ಅರಳಿ ಗಾಳಿ ಹಿಡಿಯಿತು. ಸೆವೆರೊನ ಸೂಪಿನ ಪಾತ್ರೆಗೆ ಒಂದು ಗೇಣು ಇರುವಾಗ ನಿಂತಳು. ಪ್ಯಾಂಟು ಹಾಕಿದವರು ಯಾರೇ ಆಗಿದ್ದರೂ ಬಂಡೆಗೆ ಹಣೆ ಕೊಡುತ್ತಿದ್ದರು. ನನ್ನ ಅಣ್ಣ ಪಾತ್ರೆಯ ಮುಚ್ಚಳ ತೆಗೆದು, "ಉಪ್ಪು ನೋಡು" ಅಂದನಂತೆ. ಅವನಿಗೆ ಅಷ್ಟೇ ತೋಚಿದ್ದು.

ಅಣ್ಣತಮ್ಮಂದಿರಲ್ಲಿ ದೊಡ್ಡವನು ಹಿಂದೆಯೇ ಇಳಿಯಲು ನೋಡಿದ. ಹತ್ತು ಮಾರು ಹೋಗುವಷ್ಟರಲ್ಲಿ ಸ್ಕೀಯ ಮೂತಿ ತೂತಿಗೆ ಸಿಕ್ಕಿ ಅಲ್ಲೇ ಕೂತುಬಿಟ್ಟ. ಉಳಿದ ಮೂವರು ಸ್ಕೀ ಹೆಗಲಿಗೇರಿಸಿ ಜಲ್ಲಿಯ ಅಂಚಿನಿಂದ ನಡೆದು ಬಂದರು. ಇಂಜಿನಿಯರ್ ಕೊರಳಲ್ಲಿ ವಾಚು ತೂಗುತ್ತಿತ್ತು. ಯಾವಾಗಲೂ ಅವನೇ ಮೊದಲು ಇಳಿದು ಕೆಳಗೆ ನಿಂತು ಒತ್ತುತ್ತಿದ್ದ ವಾಚು ಅದು, ಈ ಸಲ ಅವನ ಜೊತೆ ಮೇಲೆಯೇ ಉಳಿದುಬಿಟ್ಟಿತ್ತು. ಹಾಗಾಗಿ ಅವಳು ಎಷ್ಟು ಹೊತ್ತಿನಲ್ಲಿ ಇಳಿದಳೆಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸೆವೆರೊ "ಒಂದು ಸೀನು ಸೀನುವಷ್ಟು" ಎನ್ನುತ್ತಾನೆ.

ಊಟದ ಕೋಣೆಯಲ್ಲಿ ಗೆದ್ದವರ ಹೆಸರಿನ ಮರದ ಫಲಕವೊಂದಿತ್ತು. ಸಂಜೆ ಇಂಜಿನಿಯರ್ ತಾನೇ ಕುಂಚ ಹಿಡಿದು, ಮೊಟಕು ಮಾಡದೆ, ಪೂರ್ತಿ ಬರೆದ: ಗುಮೆರ್ಸಿಂದಾ ಲಿಮಾಚಿ.

"ಇಪ್ಪತ್ತನಾಲ್ಕು ವರ್ಷದ ಹಿಂದೆ ಬರ್ಕೊಂಡಿದ್ರೆ ನನ್ನ ಹೆಸರು ಹನ್ನೊಂದು ಸಲ ಇರ್ತಿರಲಿಲ್ಲ" ಎಂದ. ಕ್ಷಮೆ ಕೇಳುವುದು ಅವನಿಗೆ ಗೊತ್ತಿದ್ದದ್ದು ಅಷ್ಟೇ.

"ಮುಂದಿನ ವರ್ಷ ಸೋಲಿಸಿ ನನ್ನನ್ನ" ಎಂದಳು ಅತ್ತಿಗೆ, ನಗುತ್ತ.

ಅವನು ಕುಂಚ ತೊಳೆದ.

ಮುಂದಿನ ವರ್ಷ ಆ ತುಂಡು ಒಂದು ಅಂಗಳದಷ್ಟಿತ್ತು. ಅದರ ಮುಂದಿನ ವರ್ಷ ಒಂದು ಚಾಪೆಯಷ್ಟು. ಕ್ಲಬ್ಬಿಗೆ ಬೀಗ ಬಿತ್ತು. ಸೆವೆರೊ ತನ್ನ ಎಂಜಿನ್ನಿಗೆ ಟಾರ್ಪಾಲು ಹೊದಿಸಿ ಬಂದು, ಎಲ್ ಆಲ್ಟೊದ ನಮ್ಮ ಮನೆಯಲ್ಲಿ ಈಗ ನೀರಿನ ಪಂಪಿನ ಜೊತೆ ಜಗಳವಾಡುತ್ತಾನೆ. ಫಲಕವನ್ನು ಅತ್ತಿಗೆ ಕೇಳಿ ತಂದು ಆಲೂಗಡ್ಡೆ ಮಣೆಯ ಎದುರಿಗೆ ನೇತುಹಾಕಿಕೊಂಡಿದ್ದಾಳೆ. ಕೊನೆಯ ಹೆಸರು ಅವಳದೇ. ಹದಿನಾರು ವರ್ಷದಿಂದ ಅವಳೇ ಚಾಂಪಿಯನ್. ಬೀದಿಯವರೆಲ್ಲ ಅದನ್ನು ಹೇಳಿ ಹೊಗಳಿದರೆ ಅವಳಿಗೆ ಸಿಟ್ಟು ಬರುತ್ತದೆ.

"ಸೋಲಿಸೋಕೆ ಜಾಗಾನೇ ಇಲ್ದಿದ್ರೆ ಗೆದ್ದಿದ್ದೇನು ಬಂತು?" ಎನ್ನುತ್ತಾಳೆ. "ಯಾವಳಾದ್ರೂ ಒಬ್ಬಳು ಹುಡುಗಿ ಬಂದು, ನಾಲ್ಕು ಲಂಗ ಉಟ್ಕೊಂಡು, ನನ್ನ ಸೋಲಿಸಿ, ನಾನು ಅವಳ ಜೊತೆ ಜಗಳ ಆಡಬೇಕಿತ್ತು ಕಣೇ."

ಈ ಸಲ ಕಾರ್ನಿವಲ್ ಮಂಗಳವಾರ ನಾವಿಬ್ಬರೇ ಮೇಲೆ ಹೋದೆವು. ಅವಳಿಗೆ ಅರವತ್ತೇಳು, ನನಗೆ ಎರಡು ಕಮ್ಮಿ. ಮೊಣಕಾಲು ಹಿಡಿದುಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು ಹತ್ತಿದೆವು. ನೆತ್ತಿಯಲ್ಲಿ ಕಂದು ಬಂಡೆ, ಜಲ್ಲಿ, ಗಾಳಿ. ಮೇಲಿನ ಗೆರೆ ಇದ್ದ ಜಾಗ ಅವಳಿಗೆ ಈಗಲೂ ಗೊತ್ತು. ಅಲ್ಲಿ ನಿಂತು ಬಿಯರ್ ಮುಚ್ಚಳ ತೆಗೆದು ನೆಲಕ್ಕೆ ಸುರಿದಳು. ನಾನು ಅವಾಯೊ ಬಿಚ್ಚಿದೆ. ಕಾಗದದ ಚೂರಿನ ಚೀಲ ತಂದಿದ್ದೆ, ನೇರಳೆಯದೇ. ಅಭ್ಯಾಸಬಲದಿಂದ ತಂದೆನೇ ಹೊರತು, ಅಲ್ಲಿ ನಿಂತ ಮೇಲೆ ಕೈ ಒಳಗೆ ಹೋಗಲಿಲ್ಲ.

ಅತ್ತಿಗೆ ನನ್ನ ಕೈಯನ್ನು ನೋಡಿದಳು, ಚೀಲವನ್ನು ನೋಡಿದಳು, ಆಮೇಲೆ ಕೆಳಗಿನ ಕಲ್ಲಿನ ಇಳಿಜಾರನ್ನು ನೋಡಿದಳು.

"ಹಾಕೇ ಎಮೆ" ಎಂದಳು. "ಎಷ್ಟು ಬೇಕಾದ್ರೂ ಹಾಕು. ಇನ್ನೇನು ತೂತು ಬೀಳುತ್ತಾ?"

ನಾನು ಇಡೀ ಚೀಲವನ್ನು ಬಗ್ಗಿಸಿ ಸುರಿದೆ. ಗಾಳಿ ಅದನ್ನು ಅವಳು ಇಳಿದ ದಾರಿಯಲ್ಲೇ ಕೆಳಗೆ ಹೊತ್ತುಕೊಂಡು ಹೋಯಿತು.